ಗಂಜಿ ಸಾಲದು, ದುಡಿಮೆ ಬೇಕು
(ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಎಲ್ಲಿಯಾದರೂ ನೆರೆ, ಬಿರುಗಾಳಿ ಬಂತೆಂದರೆ ನಾವು ಡಬ್ಬಿ ಹಿಡಿದು ಚಂದಾ ಎತ್ತುತ್ತೇವೆ. ಆ ಹಣ ಹೇಗೆ ಸಲ್ಲಬೇಕೆಂಬುದಕ್ಕೆ ಫಿಲಿಪ್ಪೀನ್ಸ್ ದೇಶದ ಪಾಠವೊಂದಿದೆ, ಕೇಳಿ.

2013ರ ನವೆಂಬರ್ 8ರಂದು ಹೈಯಾನ್ ಎಂಬ ಚಂಡಮಾರುತ ಅಲ್ಲಿನ ಸಮರ್, ಲೇಟೆ ದ್ವೀಪಗಳ ಮೇಲೆ ಎರಗಿತು. ಸಮುದ್ರವೇ ಟಕ್ಲೋಬಾನ್ ಪಟ್ಟಣದೊಳಗೆ ನುಗ್ಗಿತು. ಸರ್ಕಾರದ ಲೆಕ್ಕಕ್ಕೆ ಸಿಕ್ಕ ಸಾವುಗಳೇ 6,300. ಸುಮಾರು 11 ಲಕ್ಷ ಮನೆಗಳು ಬಿದ್ದವು ಇಲ್ಲವೆ ಜಖಂಗೊಂಡವು.

ಅಕ್ಕಿ, ನೀರು, ಔಷಧಿ, ಟಾರ್ಪಾಲು ಹಲವು ದೇಶಗಳಿಂದ ಬಂದವು. ಹಸಿದವನಿಗೆ ಮೊದಲು ಅನ್ನ, ಆಮೇಲೆ ಮಾತು. ಅದನ್ನು ಹಗುರವಾಗಿ ಕಾಣುವವನು ನಾನಲ್ಲ. ಆದರೆ ಗಂಜಿ ಕುಡಿದು ಎದ್ದವನು ಮರುದಿನ ಕೇಳುವುದು ಒಂದೇ: ನನಗೆ ಕೆಲಸ ಎಲ್ಲಿ?

ಆ ಸೀಮೆಯ ಬದುಕು ತೆಂಗು. ಸುಮಾರು 3.3 ಕೋಟಿ ಮರಗಳು ಉರುಳಿದವು ಇಲ್ಲವೆ ಕೆಟ್ಟವು. ಹೊಸ ಸಸಿ ಫಲ ಕೊಡಲು ಆರೆಂಟು ವರ್ಷ ಬೇಕು. ಬೆಳೆಗಾರರಲ್ಲಿ ಎಷ್ಟೋ ಮಂದಿ ಗೇಣಿದಾರರು. ನಡುವೆ ತರಕಾರಿ ಹಾಕಬೇಕಾದರೂ ಒಡೆಯನ ಒಪ್ಪಿಗೆ ಬೇಕು.

ಒಳ್ಳೆಯ ಕೆಲಸವೂ ನಡೆಯಿತು. ಕುಸಿದ ಮನೆಗಳ ಅವಶೇಷ ತೆಗೆಯಲು ಸಂತ್ರಸ್ತರನ್ನೇ ಕರೆದು ನಗದು ಕೂಲಿ ಕೊಟ್ಟರು. ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕನಿಷ್ಠ ಕೂಲಿಯ ಜೊತೆಗೆ ವಿಮೆಯನ್ನೂ ಸೇರಿಸಿತು. ಕೂಲಿಯ ದುಡ್ಡು ಓಣಿಯ ಅಂಗಡಿಗೆ ಬಂತು. ಇಲ್ಲಿ ಕುಳಿತ ಅಂಗಡಿಕಾರ ಮಿತ್ರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಿರಣಿಯಲ್ಲಿ ಬಟವಾಡೆಯಾದ ದಿನವೇ ನಿಮ್ಮ ಗಲ್ಲಾ ತುಂಬುವುದು!

ಎಡವಿದ್ದೂ ಉಂಟು. ಸಮುದ್ರದಂಚಿನಲ್ಲಿ ಮನೆ ಕಟ್ಟಕೂಡದೆಂದು ಟಕ್ಲೋಬಾನಿನ ಮೀನುಗಾರರನ್ನು ಪಟ್ಟಣದ ಉತ್ತರಕ್ಕೆ, ದೂರದ ಕಾಲೊನಿಗಳಿಗೆ ಕಳಿಸಿದರು. ಮನೆ ಕಟ್ಟುವ ಕೆಲಸ ವರ್ಷಗಟ್ಟಲೆ ಎಳೆಯಿತು. ಮನೆ ಸಿಕ್ಕವರಿಗೆ ನೀರಿನ ತೊಂದರೆ. ದಂಡೆಗೆ ಹೋಗಿಬರುವ ಖರ್ಚು ಬೇರೆ. ಸೂರು ಕೊಟ್ಟು ಕಸುಬು ಕಿತ್ತುಕೊಂಡ ಹಾಗಾಯಿತು.

ನಾನು ಮೇಷ್ಟ್ರಾಗಿದ್ದವನು, ಲೆಕ್ಕ ಬಿಡುವುದಿಲ್ಲ. ಪರಿಹಾರದ ಯೋಜನೆಯನ್ನು ಯಾರೇ ತರಲಿ, ಮೂರು ಲೆಕ್ಕ ಕೇಳಿ: ಎಷ್ಟು ಕೈಗೆ ಕೆಲಸ? ಮನೆಗೂ ಕೆಲಸಕ್ಕೂ ಎಷ್ಟು ದೂರ? ನೆಲ ಯಾರದು?

ಗಾಳಿ ಎಲ್ಲರ ಮೇಲೂ ಬೀಸುತ್ತದೆ. ಬಿದ್ದ ಮೇಲೆ ಏಳುವ ಶಕ್ತಿ ಮಾತ್ರ ಎಲ್ಲರಿಗೂ ಸಮನಾಗಿಲ್ಲ. ಆ ಶಕ್ತಿಯನ್ನು ಒದಗಿಸುವುದು ದಾನವಲ್ಲ. ಅದು ದುಡಿಯುವವನ ಹಕ್ಕು.