‘ಕಾಡು’ ಚಿತ್ರವೂ ನಮ್ಮ ಪ್ರೇಕ್ಷಕರೂ

(ಸಂಘದ ವಾರ್ಷಿಕೋತ್ಸವದ ಸಾಹಿತ್ಯಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ವರ್ಷ ನಮ್ಮ ಸಂಘವು ನಡೆಸಿದ ಕಾರ್ಯಕ್ರಮಗಳಲ್ಲಿ ಅತಿ ಹೆಚ್ಚಿನ ಚರ್ಚೆಗೆ ಎಡೆಗೊಟ್ಟುದು ‘ಕಾಡು’ ಚಲಚ್ಚಿತ್ರದ ಪ್ರದರ್ಶನ. ಅದು ಮುಗಿದು ತಿಂಗಳುಗಳಾದರೂ ಅದರ ಮಾತು ಮುಗಿದಿಲ್ಲ. ಇಂತಹ ಕತ್ತಲೆಯ ಚಿತ್ರವನ್ನು ಸಂಘದ ವೇದಿಕೆಯಲ್ಲಿ ತೋರಿಸಬಾರದಾಗಿತ್ತೆಂದೂ, ಮುಂದೆ ಭಕ್ತಿಪ್ರಧಾನವಾದ ಇಲ್ಲವೆ ಹಾಸ್ಯಪ್ರಧಾನವಾದ ಚಿತ್ರಗಳನ್ನೇ ಆರಿಸಬೇಕೆಂದೂ ಕೆಲವು ಸದಸ್ಯರು ಕಾರ್ಯಕಾರಿ ಸಮಿತಿಗೆ ಬರೆದುಕೊಟ್ಟಿದ್ದಾರೆ. ಸಮಿತಿಯು ಇನ್ನೂ ತೀರ್ಮಾನಕ್ಕೆ ಬಂದಿಲ್ಲ. ಆದುದರಿಂದ ಅಂದಿನ ರಾತ್ರಿ ಬಾಗಿಲ ಬಳಿಯಲ್ಲಿಯೂ, ಅನಂತರ ಅಂಗಡಿ ಮುಂಗಟ್ಟು ಬಸ್ಸುಗಳಲ್ಲಿಯೂ ನಮ್ಮ ಕಿವಿಗೆ ಬಿದ್ದ ಅಭಿಪ್ರಾಯಗಳನ್ನು ಈ ಸಭೆಯ ಮುಂದಿಡಬೇಕೆಂದು ತೋರಿತು. ನಮ್ಮ ನಿಲುವನ್ನೂ ನಾವು ಮರೆಮಾಚುವುದಿಲ್ಲ.

ಚಿತ್ರವನ್ನು ನೋಡದವರಿಗಾಗಿ ಎರಡು ಮಾತು. ಹೆಗ್ಗಡದೇವನಕೋಟೆಯ ಕಡೆಯ ಶ್ರೀಕೃಷ್ಣ ಆಲನಹಳ್ಳಿಯವರು (1947–1989) ಇಪ್ಪತ್ತೈದರ ಆಸುಪಾಸಿನ ವಯಸ್ಸಿನಲ್ಲಿ ಬರೆದ ಕಿರುಕಾದಂಬರಿ ‘ಕಾಡು’. ಅದನ್ನು 1973ರಲ್ಲಿ ಗಿರೀಶ ಕಾರ್ನಾಡರು ತೆರೆಗೆ ತಂದರು. ಛಾಯಾಗ್ರಹಣ ಗೋವಿಂದ ನಿಹಲಾನಿಯವರದು, ಸಂಗೀತ ಬಿ. ವಿ. ಕಾರಂತರದು. ಆ ವರ್ಷದ ರಾಷ್ಟ್ರಪ್ರಶಸ್ತಿಗಳಲ್ಲಿ ಇದು ಎರಡನೆಯ ಅತ್ಯುತ್ತಮ ಚಿತ್ರವೆನಿಸಿತು. ಕಮಲಿಯ ಪಾತ್ರಕ್ಕೆ ನಂದಿನಿ ಭಕ್ತವತ್ಸಲ ಅವರಿಗೆ ಶ್ರೇಷ್ಠ ನಟಿಯ ಪ್ರಶಸ್ತಿಯೂ, ಕಿಟ್ಟಿಯ ಪಾತ್ರಕ್ಕೆ ಜಿ. ಎಸ್. ನಟರಾಜನಿಗೆ ಶ್ರೇಷ್ಠ ಬಾಲನಟನ ಪ್ರಶಸ್ತಿಯೂ ದೊರೆತುವು. ಕಿಟ್ಟಿಯೆಂಬ ಹುಡುಗ ಹಳ್ಳಿಯಲ್ಲಿ ಬಂಧುವಾದ ಚಂದ್ರೇಗೌಡನ ಮನೆಗೆ ಬಂದು ಸೇರುತ್ತಾನೆ. ಗೌಡನು ಹೆಂಡತಿ ಕಮಲಿಯನ್ನು ಬಿಟ್ಟು ಇರುಳಾದೊಡನೆ ನೆರೆಯೂರಿನ ಬಸಕ್ಕನ ಬಳಿಗೆ ಹೋಗುತ್ತಾನೆ. ಅವನನ್ನು ಮರಳಿ ಪಡೆಯಲು ಕಮಲಿ ಮಾಟಮಂತ್ರದ ದಾರಿ ಹಿಡಿಯುತ್ತಾಳೆ. ಎರಡು ಊರುಗಳ ನಡುವಣ ಹಗೆ ಬೇಯುತ್ತ ಬೇಯುತ್ತ ಉಕ್ಕುತ್ತದೆ. ಇದೆಲ್ಲವನ್ನೂ ಆ ಮಗು ನೋಡುತ್ತದೆ. ಕೊನೆಯನ್ನು ನಾವಿಲ್ಲಿ ಹೇಳುವುದಿಲ್ಲ. ಅದಕ್ಕೆ ಕಾರಣ ಮುಂದೆ ತಿಳಿಯುತ್ತದೆ.

ಆ ಎರಡು ಊರುಗಳ ಹೆಸರು ಕೊಪ್ಪಲು ಮತ್ತು ಹೊಸೂರು. ಹೊಸೂರೆಂಬ ಹೆಸರು ತೆರೆಯಿಂದ ಕೇಳಿಬಂದೊಡನೆ ನಮ್ಮ ಸಭಾಂಗಣದಲ್ಲಿ ನಗೆ ಎದ್ದಿತು; ಅದು ಎದುರಾಳಿಗಳ ಊರೆಂದು ತಿಳಿದಾಗ ಹಿಂದಿನ ಸಾಲಿನಿಂದ ಹುಸಿಮುನಿಸಿನ ಗೊಣಗಾಟವೂ ಕೇಳಿಸಿತು. ಆ ಹೊಸೂರು ಮೈಸೂರು ಸೀಮೆಯ ಕಥೆಯದು, ನಮ್ಮದಲ್ಲ. ಕನ್ನಡ ಮಾತನಾಡುವ ನೆಲದಲ್ಲಿ ಹೊಸೂರುಗಳಿಗೆ ಲೆಕ್ಕವುಂಟೇ! ಆದರೆ ಅಂದು ನಗೆ ಕೇಳಿಸಿದುದು ಅದೊಂದೇ ಸಲ.

ಮೊದಲು ತರುಣರ ಅಭಿಪ್ರಾಯ. ಸಿಪ್ಕಾಟ್‌ನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಯುವಕರು ವಾರಕ್ಕೊಂದರಂತೆ ಥ್ರಿಲ್ಲರ್ ಚಿತ್ರಗಳನ್ನು ಅಂಗೈಯ ಫೋನಿನಲ್ಲಿಯೇ ನೋಡುವವರು. ಚಿತ್ರದ ನಡೆ ನಿಧಾನ, ಮೊದಲ ಅರ್ಧದಲ್ಲಿ ಏನೂ ನಡೆಯುವುದಿಲ್ಲ, ಕೊಲೆಗಾರ ಯಾರೆಂಬ ಗುಟ್ಟೇ ಇಲ್ಲದ ಮೇಲೆ ರೋಮಾಂಚವೆಲ್ಲಿಂದ ಬರಬೇಕು ಎಂಬುದು ಅವರ ಆಕ್ಷೇಪ. ಇದನ್ನು ತಳ್ಳಿಹಾಕುವುದು ಸುಲಭ. ನಾವು ಹಾಗೆ ಮಾಡಲಾರೆವು. ನೋಡುವವನ ಕಾಲವನ್ನು ಬೇಡುವ ಚಿತ್ರ ಅದಕ್ಕೆ ತಕ್ಕುದನ್ನು ಕೊಡಬೇಕೆಂಬುದು ನ್ಯಾಯವೇ. ಆದರೆ ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಭಯಾನಕರಸದ ವಿಭಾವಗಳನ್ನು ಹೇಳುವಾಗ ಯಾವುದನ್ನು ಹೆಸರಿಸುತ್ತಾನೆಂಬುದನ್ನು ಆ ಮಿತ್ರರು ಗಮನಿಸಬೇಕು. ವಿಕಾರವಾದ ಧ್ವನಿ, ನರಿ ಗೂಬೆಗಳಿಂದ ಹುಟ್ಟುವ ಅಂಜಿಕೆ, ಬರಿದಾದ ಮನೆ, ಅರಣ್ಯಪ್ರವೇಶ ಮುಂತಾದುವು ಅಲ್ಲಿವೆ. ರಕ್ತ ಮೊದಲಾದವನ್ನು ಕಂಡು ಉಂಟಾಗುವ ಕ್ಷೋಭೆಯನ್ನು ಅವನು ಬೀಭತ್ಸದ ಲೆಕ್ಕಕ್ಕೆ ಬರೆದಿದ್ದಾನೆ. ನಮ್ಮ ತರುಣರು ಭಯಾನಕವೆಂಬ ಹೆಸರಿನಲ್ಲಿ ಬೇಡುತ್ತಿರುವುದು ಬಹುಪಾಲು ಬೀಭತ್ಸವನ್ನು. ‘ಕಾಡು’ ಚಿತ್ರದಲ್ಲಿ ಬೀಭತ್ಸ ಇಲ್ಲವೆಂದಲ್ಲ. ಆದರೆ ಅದು ಬರುವುದಕ್ಕೆ ಬಹಳ ಮುಂಚೆಯೇ ಕಾಡಿನ ಹಕ್ಕಿಯ ಕೂಗು ಬಂದು ಕುಳಿತಿರುತ್ತದೆ.

ಆ ಹಕ್ಕಿ ಮನುಷ್ಯರನ್ನು ಹೆಸರು ಹಿಡಿದು ಕರೆಯುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಎಂಬುದು ಕಥೆಯೊಳಗಿನ ನಂಬಿಕೆ. ಇದನ್ನು ಯಾರೂ ನಮ್ಮವರಿಗೆ ವಿವರಿಸಬೇಕಾಗಲಿಲ್ಲ. ರಾತ್ರಿ ಹೊರಗಿನಿಂದ ಹೆಸರು ಕೂಗಿದರೆ ಮೂರು ಸಲ ಕೇಳುವವರೆಗೆ ಓ ಎನ್ನಬಾರದೆಂದು ಅಜ್ಜಿಯರಿಂದ ಕೇಳಿ ಬೆಳೆದವರೇ ಅಲ್ಲಿ ಹೆಚ್ಚಾಗಿ ಕುಳಿತಿದ್ದುದು. 1990ರ ದಶಕದಲ್ಲಿ ಬೆಂಗಳೂರಿನ ಸುತ್ತಣ ಊರುಗಳಲ್ಲಿ ಬಾಗಿಲುಗಳ ಮೇಲೆ ‘ನಾಳೆ ಬಾ’ ಎಂದು ಬರೆದುದು ಹಿರಿಯರಿಗೆ ನೆನಪಿದೆ.

ಎರಡನೆಯ ಅಭಿಪ್ರಾಯ ತಳಿ, ಅಂಚೆಟ್ಟಿಗಳ ಕಡೆಯಿಂದ ಬಂದ ರೈತರದು. ಬನ್ನೇರುಘಟ್ಟದ ಕಾಡಿನಿಂದ ಆನೆಗಳು ರಾಗಿ ಕೊಯ್ಲಿನ ಕಾಲಕ್ಕೆ ಇತ್ತ ಇಳಿಯುವುದೂ, ಇವರು ಅಟ್ಟಣೆಯ ಮೇಲೆ ಕಂಬಳಿ ಹೊದೆದು ರಾತ್ರಿಯೆಲ್ಲ ಕಾಯುವುದೂ ತಮಗೆ ತಿಳಿದ ವಿಷಯ. ಚಿತ್ರವಿಮರ್ಶೆಯ ಪರಿಭಾಷೆ ಇವರಿಗಿಲ್ಲ. ಆದರೆ ಅವರಲ್ಲೊಬ್ಬರು ಹೇಳಿದ ಮಾತನ್ನು ನಾವು ಬೇರೆಲ್ಲಿಯೂ ಕೇಳಿಲ್ಲ. ಆನೆ ಎದುರಿಗೆ ಬಂದಾಗಿನ ಹೆದರಿಕೆ ಹೆದರಿಕೆಯೇ ಅಲ್ಲ, ಆಗ ಕೈಕಾಲಿಗೆ ಕೆಲಸವಿರುತ್ತದೆ. ಒಣಗಿದ ಕೊಂಬೆ ಲಟಕ್ಕೆಂದು ಮುರಿದು, ಆಮೇಲೆ ಏನೂ ಕೇಳಿಸದೆ ಇರುತ್ತದಲ್ಲ, ಆ ಹೊತ್ತೇ ಹೆದರಿಕೆಯದು, ಚಿತ್ರ ಮಾಡಿದವರಿಗೆ ಅದು ಗೊತ್ತಿದೆ ಎಂಬುದು ಅವರ ತೀರ್ಪು. ತರುಣರು ‘ಏನೂ ನಡೆಯುವುದಿಲ್ಲ’ ಎಂದು ದೂರಿದುದೂ ಇವರು ಮೆಚ್ಚಿದುದೂ ಒಂದನ್ನೇ ಎಂಬುದನ್ನು ಸಭೆ ಗಮನಿಸಬೇಕು.

ಮೂರನೆಯದು ಕಾದಂಬರಿಯನ್ನು ಮೊದಲೇ ಓದಿದ ಕೆಲವೇ ಮಂದಿಯ ಅಭಿಪ್ರಾಯ. ಪುಸ್ತಕದಲ್ಲಿ ನಾವು ಕಿಟ್ಟಿಯ ಒಳಗೆ ಇರುತ್ತೇವೆ, ತೆರೆಯ ಮೇಲೆ ಅವನ ಮುಖವನ್ನು ಹೊರಗಿನಿಂದ ನೋಡುತ್ತೇವೆ, ಆದುದರಿಂದ ಚಿತ್ರ ಪುಸ್ತಕಕ್ಕಿಂತ ಕಡಿಮೆಯೆಂದು ಅವರು ವಾದಿಸಿದರು. ಮಾತಿನ ಮೊದಲರ್ಧ ನಿಜ. ಹುಡುಗನ ಅರೆತಿಳಿವಿನಲ್ಲಿ ದೊಡ್ಡವರ ಪಾಪ ಹೇಗೆ ಬೇರೆ ಬಣ್ಣ ತಾಳುತ್ತದೆಂಬುದನ್ನು ಹೇಳಲು ಗದ್ಯಕ್ಕಿರುವ ಅನುಕೂಲ ಯಂತ್ರದ ಕಣ್ಣಿಗಿಲ್ಲ. ಉತ್ತರಾರ್ಧವನ್ನು ನಾವು ಒಪ್ಪುವುದಿಲ್ಲ. ಡ್ಯಾಫ್ನಿ ಡ್ಯೂ ಮೋರಿಯೆ ಎಂಬ ಇಂಗ್ಲಿಷ್ ಲೇಖಕಿ 1952ರಲ್ಲಿ ಪ್ರಕಟಿಸಿದ ಹಕ್ಕಿಗಳ ನೀಳ್ಗತೆಯನ್ನು ಹಿಚ್‌ಕಾಕ್ 1963ರಲ್ಲಿ ಚಿತ್ರವಾಗಿಸಿದಾಗ ಇಂಗ್ಲೆಂಡಿನ ಕಡಲಂಚಿನಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಒಯ್ದು, ಮನುಷ್ಯರನ್ನು ಬದಲಿಸಿ, ಹಕ್ಕಿಗಳನ್ನಷ್ಟೇ ಉಳಿಸಿಕೊಂಡನು. ಅದಕ್ಕಾಗಿ ಯಾರೂ ಅವನನ್ನು ಕಳ್ಳನೆನ್ನಲಿಲ್ಲ. ಕಪ್ಪು ಬಿಳುಪಿನ ಆ ಇರುಳನ್ನು ನಿಹಲಾನಿಯವರು ಹಿಡಿದ ಬಗೆ, ಮಾತಿಲ್ಲದೆ ಹೊಸ್ತಿಲಲ್ಲಿ ನಿಂತ ಕಮಲಿಯ ಮುಖ, ಇವು ಚಿತ್ರದ ಸ್ವಂತ ಗಳಿಕೆ.

ಕಮಲಿಯ ಮಾತು ಬಂದುದರಿಂದ ಮಹಿಳೆಯರ ಅಭಿಪ್ರಾಯಕ್ಕೆ ಬರುತ್ತೇವೆ. ಅವರು ಅಂದು ಹೆಚ್ಚು ಮಾತನಾಡಲಿಲ್ಲ. ಆದರೆ ಎಲ್ಲರಿಗಿಂತ ಕಡೆಯಲ್ಲಿ ಎದ್ದವರು ಅವರೇ. ಮಾಟಗಾರರನ್ನು ನಂಬಿ ಕೆಟ್ಟ ಮೂಢೆಯೆಂದು ಗಂಡಸರಲ್ಲಿ ಹಲವರು ಅವಳನ್ನು ಬಗೆಹರಿಸಿಬಿಟ್ಟರು. ಡೆಂಕಣಿಕೋಟೆಯ ಕಡೆಯ ವೃದ್ಧೆಯೊಬ್ಬರು ಮಾತ್ರ ಅವಳು ಬೇರೆ ಯಾರ ಬಳಿಗೆ ಹೋಗಬೇಕಾಗಿತ್ತು ಎಂದು ಕೇಳಿದರು. ತವರಿಗೆ ಹೇಳುವಂತಿಲ್ಲ, ಊರ ಪಂಚಾಯಿತಿಯಲ್ಲಿ ಕೂರುವವನು ಗಂಡನೇ. ಆ ಪ್ರಶ್ನೆಗೆ ಅಲ್ಲಿದ್ದ ಯಾವ ಗಂಡಸೂ ಉತ್ತರ ಕೊಡಲಿಲ್ಲ. ಈ ಅಜ್ಜಿ ಒಂದಕ್ಷರವನ್ನೂ ಓದಲಾರರು.

ಕತ್ತಲೆಯ ಕಥೆ ನಮ್ಮ ಸಂಸ್ಕೃತಿಗೆ ಸಲ್ಲದೆಂದು ಸಮಿತಿಗೆ ಬರೆದ ಮಿತ್ರರಿಗೆ ಈಗ ಉತ್ತರ ಹೇಳಬೇಕು. ಜನ್ನನ ‘ಯಶೋಧರ ಚರಿತೆ’ 1209ರ ಕೃತಿ. ಇರುಳಿನಲ್ಲಿ ಕೇಳಿದ ಹಾಡಿಗೆ ಸೋತು ಕುರೂಪಿ ಮಾವಟಿಗನ ಬೆನ್ನು ಹತ್ತಿದ ರಾಣಿ, ಅದನ್ನು ಮರೆಯಲ್ಲಿ ನಿಂತು ಕಂಡ ಗಂಡ, ಹಿಟ್ಟಿನ ಕೋಳಿಯ ಬಲಿ, ಕೊನೆಗೆ ಗಂಡನಿಗೂ ಅತ್ತೆಗೂ ವಿಷ. ಇದಕ್ಕಿಂತ ಕತ್ತಲೆಯ ಕಥೆಯನ್ನು ಯಾವ ಚಿತ್ರ ತೋರಿಸಿದೆ? ವಿದ್ವಾನ್ ಪರೀಕ್ಷೆಗೆ ಓದಿದವರಾರೂ ಅದನ್ನು ಅಸಂಸ್ಕೃತವೆಂದು ಪಕ್ಕಕ್ಕಿಡಲಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಆ ಮಿತ್ರರ ಮಾತು ಸರಿ. ಎಳೆಯ ಮಕ್ಕಳನ್ನು ಮಡಿಲಲ್ಲಿ ಕೂರಿಸಿಕೊಂಡು ನೋಡುವ ಚಿತ್ರ ಇದಲ್ಲ. ಕಿಟ್ಟಿ ನೋಡಬಾರದುದನ್ನು ನೋಡಿದನೆಂಬುದೇ ಕಥೆಯಾಗಿರುವಾಗ ನಮ್ಮ ಕಿಟ್ಟಿಗಳಿಗೆ ಅದನ್ನೇ ತೋರಿಸುವುದು ವಿವೇಕವಲ್ಲ.

ಆದರೆ ದೊಡ್ಡ ಮಕ್ಕಳ ಮಾತು ಬೇರೆ, ಮತ್ತು ನಮ್ಮ ನಿಲುವಿಗೆ ಮುಖ್ಯ ಕಾರಣ ಅವರೇ. 2006ರ ತಮಿಳು ಕಲಿಕೆಯ ಶಾಸನದಿಂದ ಒಂದನೆಯ ತರಗತಿಯಿಂದ ಆರಂಭವಾಗಿ ಹಂತಹಂತವಾಗಿ ಹತ್ತನೆಯ ತರಗತಿಯವರೆಗೆ ತಮಿಳು ಕಡ್ಡಾಯವಾಯಿತು. ಇರುವ ನಾಡಿನ ನುಡಿಯನ್ನು ಮಕ್ಕಳು ಚೆನ್ನಾಗಿ ಕಲಿಯುವುದು ಒಳ್ಳೆಯದೇ. ಶಾಸನದ ಗುಣದೋಷ ವಿಚಾರ ಇಂದಿನ ವಿಷಯವಲ್ಲ. ಫಲ ಮಾತ್ರ ನಮ್ಮ ಕಣ್ಣ ಮುಂದಿದೆ. ಮನೆಯಲ್ಲಿ ಕನ್ನಡವನ್ನೇ ಆಡುವ, ಕನ್ನಡದಲ್ಲಿಯೇ ಜಗಳವಾಡುವ, ಆದರೆ ಕನ್ನಡದ ಒಂದು ಪುಟವನ್ನು ಓದಲಾರದ ಹುಡುಗ ಹುಡುಗಿಯರು ಇಲ್ಲಿ ಬೆಳೆದಿದ್ದಾರೆ. ಪ್ರದರ್ಶನದ ಮರುದಿನ ಅಂಥವರಲ್ಲಿ ನಾಲ್ವರು ಪುಸ್ತಕವನ್ನು ಕೇಳಿಕೊಂಡು ನಮ್ಮ ಬಳಿಗೆ ಬಂದರು. ಕೈಗೆ ಕೊಟ್ಟೆವು. ತಿರುವಿ ನೋಡಿ, ಮುಖಪುಟದ ಎರಡು ಅಕ್ಷರಗಳನ್ನು ಕೂಡಿಸಿ ಓದಿ, ಸಂಕೋಚದಿಂದ ಹಿಂದಕ್ಕೆ ಕೊಟ್ಟರು. ಅವರಲ್ಲೊಬ್ಬಳು ಹುಡುಗಿ, ಪುಸ್ತಕದಲ್ಲಿಯೂ ಕೊನೆ ಹಾಗೆಯೇ ಇದೆಯೇ ಎಂದು ವಿಚಾರಿಸಿದಳು. ನಾವು ಹೇಳಲಿಲ್ಲ.

ಕವಿರಾಜಮಾರ್ಗದ ಕರ್ತೃ ಒಂಬತ್ತನೆಯ ಶತಮಾನದಲ್ಲಿ ಈ ನಾಡವರನ್ನು ಹೊಗಳುತ್ತ, ಅಕ್ಷರಾಭ್ಯಾಸದ ಹಂಗಿಲ್ಲದೆಯೂ ಕಾವ್ಯದ ಒಳಗನ್ನು ಅರಿಯಬಲ್ಲವರೆಂದನು. ಪಾಠ ಹೇಳುವಾಗ ಅದನ್ನು ಪ್ರಶಂಸೆಯ ಮಾತೆಂದು ದಾಟಿಹೋಗುವುದು ವಾಡಿಕೆ. ಅಂದಿನ ರಾತ್ರಿ ಅಟ್ಟಣೆಯ ರೈತರೂ ಡೆಂಕಣಿಕೋಟೆಯ ಅಜ್ಜಿಯೂ ಆಡಿದುದನ್ನು ಕೇಳಿದ ಮೇಲೆ ನಾವು ಅದನ್ನು ಹಾಗೆ ದಾಟಿಸಲಾರೆವು. ಮೈಸೂರು ಸೀಮೆಯ ಹಳ್ಳಿಯ ಮಾತು ಮೊದಲು ಅವರಿಗೆ ತೊಡಕಾಯಿತು. ನಮ್ಮ ಕಡೆಯ ಕನ್ನಡದಲ್ಲಿ ತೆಲುಗು ತಮಿಳುಗಳ ಬೆರಕೆ ಹೆಚ್ಚು. ಸ್ವಲ್ಪ ಹೊತ್ತಿನಲ್ಲಿ ಕಿವಿ ಹೊಂದಿಕೊಂಡಿತು.

ಆದುದರಿಂದ ಸಮಿತಿಯ ಮುಂದೆ ನಮ್ಮ ಸೂಚನೆ ಹೀಗಿದೆ. ಇಂತಹ ಚಿತ್ರಗಳ ಪ್ರದರ್ಶನವನ್ನು ನಿಲ್ಲಿಸಬಾರದು. ವಯಸ್ಸಿನ ಮಿತಿಯನ್ನು ಆಹ್ವಾನಪತ್ರಿಕೆಯಲ್ಲಿಯೇ ಅಚ್ಚು ಹಾಕಿಸಬೇಕು. ಚಿತ್ರಕ್ಕೆ ಮೂಲವಾದ ಕೃತಿಯನ್ನು ಓದಲಾರದವರಿಗೆ ಓದಿ ಹೇಳುವ ಏರ್ಪಾಡಾಗಬೇಕು. ಸಮಿತಿಯ ತೀರ್ಮಾನವನ್ನು ಕಾಯದೆ ಮೂರನೆಯದನ್ನು ನಾವೇ ಆರಂಭಿಸುತ್ತೇವೆ. ಮುಂದಿನ ತಿಂಗಳ ಮೊದಲ ಮೂರು ಭಾನುವಾರ ಸಂಘದ ಕೊಠಡಿಯಲ್ಲಿ ‘ಕಾಡು’ ಕಾದಂಬರಿಯ ವಾಚನ ನಡೆಯುತ್ತದೆ. ತಳಿ, ಅಂಚೆಟ್ಟಿಗಳ ಕಡೆಯವರು ಕತ್ತಲಾಗುವ ಮುನ್ನ ಊರು ಸೇರಬೇಕಾದುದರಿಂದ ಮಧ್ಯಾಹ್ನ ಎರಡು ಗಂಟೆಗೇ ತೊಡಗುತ್ತೇವೆ. ಕೊನೆಯ ಅಧ್ಯಾಯ ಮೂರನೆಯ ಭಾನುವಾರಕ್ಕೆ. ಆ ಹುಡುಗಿಗೆ ಹೇಳಿ ಕಳುಹಿಸಿದ್ದೇವೆ.