ದಿನಕ್ಕೊಂದು ಭಾಗ: ಬಾಖ್‌ನ ಕ್ರಿಸ್‌ಮಸ್ ಸಂಗೀತ



ಕ್ರಿಸ್‌ಮಸ್ ಎಂದ ಕೂಡಲೇ ಕ್ಯಾರಲ್ ಹಾಡುಗಳು ನೆನಪಾಗುತ್ತವೆ. ಇವತ್ತು ಅವಕ್ಕಿಂತ ಬಹು ದೊಡ್ಡದಾದ ಒಂದು ಕೃತಿಯ ವಿಷಯ: ಯೋಹಾನ್ ಸೆಬಾಸ್ಟಿಯನ್ ಬಾಖ್ ರಚಿಸಿದ ‘ಕ್ರಿಸ್‌ಮಸ್ ಆರಟೋರಿಯೊ’. ಆರಟೋರಿಯೊ ಎಂದರೆ ವೇಷ, ಅಭಿನಯ ಯಾವುದೂ ಇಲ್ಲದೆ ಹಾಡಿನಲ್ಲೇ ಕಥೆ ಹೇಳುವುದು. ಇದನ್ನು ಪೂರ್ತಿ ಕೇಳಲು ಸುಮಾರು ಎರಡೂವರೆ ಗಂಟೆ ಬೇಕು. ಆದರೆ ಒಂದೇ ಸಲಕ್ಕೆ ಕೇಳುವುದೆಂದರೆ ನವರಾತ್ರಿಯ ಒಂಬತ್ತು ದಿನಗಳ ಪೂಜೆಯನ್ನು ಒಂದೇ ಸಂಜೆ ಮುಗಿಸಿದ ಹಾಗೆ. ಬಾಖ್ ಇದನ್ನು ಆರು ಭಾಗ ಮಾಡಿ, 1734ರ ಡಿಸೆಂಬರ್ 25ರಿಂದ 1735ರ ಜನವರಿ 6ರವರೆಗಿನ ಆರು ಹಬ್ಬದ ದಿನಗಳಲ್ಲಿ, ಜರ್ಮನಿಯ ಲೈಪ್‌ಜಿಗ್‌ನ ಚರ್ಚುಗಳ ಆರಾಧನೆಯಲ್ಲಿ ಹಾಡಿಸಿದ. ಮೊದಲ ದಿನ ಯೇಸುವಿನ ಜನನ, ಮರುದಿನ ಕುರುಬರಿಗೆ ದೇವದೂತರ ಸುದ್ದಿ. ಕೊನೆಗೆ ಮೂಡಣ ದೇಶದ ಜೋಯಿಸರು ಬರುತ್ತಾರೆ.

ಮೊದಲ ಭಾಗ ಶುರುವಾಗುವುದೇ ಟಿಂಪನಿ ಎಂಬ ನಗಾರಿಯ ಪೆಟ್ಟಿನಿಂದ. ಆಮೇಲೆ ಕೊಳಲು, ಕಹಳೆ, ಪಿಟೀಲುಗಳು ಸೇರಿಕೊಳ್ಳುತ್ತವೆ. ನಗಾರಿಯೇ ಏಕೆ ಮೊದಲು? ಈ ಆರಂಭದ ಸಂಗೀತ ಮೊದಲು 1733ರಲ್ಲಿ ಒಬ್ಬ ರಾಣಿಯ ಹುಟ್ಟುಹಬ್ಬಕ್ಕೆ ಬರೆದದ್ದು. ಆಗಿನ ಸಾಹಿತ್ಯ ನಗಾರಿ, ಕಹಳೆಗಳಿಗೆ ಮೊಳಗಿರೆಂದು ಹೇಳುತ್ತಿತ್ತು. ವಾದ್ಯಗಳು ಮಾತು ಕೇಳಿದವು. ಹುಟ್ಟುಹಬ್ಬದ ಹಾಡು ಹಬ್ಬ ಮುಗಿದ ಮೇಲೆ ಯಾರಿಗೂ ಬೇಡ. ಅಂಥ ಒಳ್ಳೆಯ ಸಂಗೀತ ಮೂಲೆಗೆ ಬೀಳದಂತೆ ಬಾಖ್ ಅದಕ್ಕೆ ಹೊಸ ಸಾಹಿತ್ಯ ಕೂಡಿಸಿದ.

ಎರಡನೆಯ ಭಾಗದ ಜೋಗುಳದ ಕಥೆ ಇನ್ನೂ ಸ್ವಾರಸ್ಯದ್ದು. ಅದರ ಮೂಲ ರಾಜಕುಮಾರನೊಬ್ಬನ ಹುಟ್ಟುಹಬ್ಬದ ಕೃತಿ. ಅಲ್ಲಿ ‘ಸುಖಲಾಲಸೆ’ ಎಂಬ ಪಾತ್ರ ಗ್ರೀಕ್ ಪುರಾಣದ ವೀರ ಹರ್ಕ್ಯುಲಿಸ್‌ನನ್ನು ಮರುಳುಮಾಡಿ ಮಲಗಿಸಲು ಅದನ್ನು ಹಾಡುತ್ತದೆ. ಬಾಖ್ ಶ್ರುತಿ ತಗ್ಗಿಸಿ, ಸೊಪ್ರಾನೊ ಎಂಬ ಏರು ಕಂಠದಿಂದ ಆಲ್ಟೊ ಎಂಬ ತಗ್ಗಿನ ಕಂಠಕ್ಕೆ ಇಳಿಸಿ, ಅದೇ ರಾಗದಲ್ಲಿ ಗೋದಲಿಯ ಮಗು ಯೇಸುವನ್ನು ಮಲಗಿಸಿದ.

ಕೇಳುವಾಗ ಮೂರು ಬಗೆಯ ಹಾಡುಗಳನ್ನು ಗುರುತಿಸಿ. ಟೆನರ್ ಎಂಬ ಏರು ಗಂಡುಕಂಠದ ಗಾಯಕ ಬೈಬಲ್ಲಿನ ಕಥೆ ಹೇಳುತ್ತಾನೆ. ಒಂಟಿ ಕಂಠದ ಏರಿಯಾ ಆ ಕಥೆಗೆ ಮನಸ್ಸು ಮಿಡಿಯುವುದನ್ನು ಹಾಡುತ್ತದೆ. ಕೋರಲ್ ಎಂಬುದು ಸಭೆಯ ಜನಕ್ಕೆಲ್ಲ ಗೊತ್ತಿದ್ದ ಭಕ್ತಿಗೀತೆಯ ಧಾಟಿ. ಅದನ್ನು ಇಡೀ ಮೇಳ ಹಾಡುತ್ತದೆ.

ಮೊದಲ ಭಾಗದ ಮೊದಲ ಕೋರಲ್‌ಗೆ ವಿಶೇಷವಾಗಿ ಕಿವಿಗೊಡಿ. ಯೇಸುವಿನ ಯಾತನೆಯ ಕಥೆ ಹೇಳುವ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ನಲ್ಲೂ ಬಾಖ್ ಇದೇ ಧಾಟಿಯನ್ನು ಬಳಸಿದ್ದಾನೆ. ಆರನೆಯ ಭಾಗದ ಕೊನೆಗೆ ಅದು ಕಹಳೆ, ನಗಾರಿಗಳ ನಡುವೆ ವಿಜಯಗೀತೆಯಾಗಿ ಬರುತ್ತದೆ. ಡಿಸೆಂಬರ್ 25ಕ್ಕೆ ಮೊದಲ ಭಾಗ ಕೇಳಿ, ಮುಂದಿನವನ್ನು ಅವವುಗಳ ದಿನಕ್ಕೇ ಬಿಡಿ. ಜನವರಿ 6ರಂದು ಆ ಧಾಟಿ ನಿಮಗೆ ತಾನಾಗಿ ಗುರುತು ಸಿಕ್ಕೀತು.