ಸಂಜೆಯ ಗಾಳ ಮತ್ತು ಸಿಂಪರಣೆಯ ಪಂಪು



ಮಳೆಗಾಲ ಮುಗಿದು ಭೀಮೆಯ ರಾಡಿ ನೀರು ತಿಳಿಯಾಗುವ ಹೊತ್ತಿಗೆ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ನದಿದಂಡೆಯಲ್ಲಿ ಸಂಜೆ ಗಾಳ ಹಿಡಿದು ಕುಳಿತವರು ಕಾಣಸಿಗುತ್ತಾರೆ. ಆಳಂದ ತಾಲ್ಲೂಕಿನಲ್ಲಿ ಅಮರ್ಜಾ ಜಲಾಶಯದ ಅಂಚೂ ಇಂಥದೇ ಸ್ಥಳ. ಅಮರ್ಜೆಯು ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಸೇರುವುದರಿಂದ ಮೂರೂ ತಾಲ್ಲೂಕುಗಳಿಗೆ ಈ ನೀರಿನ ನಂಟಿದೆ. ಹೊಲದಲ್ಲಿ ದುಡಿದು ಬಂದವನಿಗೆ ಗಾಳ ಹಾಕುವುದು ವಿಶ್ರಾಂತಿ. ಮನೆಯವರಿಗೆ ಪುಷ್ಟಿಕರ ಆಹಾರ.

ಇದಕ್ಕೆ ಹೆಚ್ಚಿನ ಖರ್ಚಿಲ್ಲ. ಬಿದಿರಿನ ಕೋಲು, ನೈಲಾನ್ ದಾರ, ಸಣ್ಣ ಗಾಳ, ತೇಲಲು ಜೋಳದ ದಂಟಿನ ಬೆಂಡು ಇದ್ದರೆ ಸಾಕು. ಎರೆಹುಳು ಇಲ್ಲವೆ ಗಟ್ಟಿಯಾಗಿ ನಾದಿದ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಸಿಕ್ಕಿಸಬೇಕು. ಹರಿವು ನಿಧಾನವಾದ ಮಡುವಿನ ಅಂಚು ಒಳ್ಳೆಯ ಜಾಗ. ಬಿಸಿಲಿಳಿದಾಗ ಗೆಂಡೆ, ಜಿಲೇಬಿ ಮೀನುಗಳು ದಂಡೆಯ ಕಡೆಗೆ ಮೇಯಲು ಬರುತ್ತವೆ. ಕತ್ತಲಾದಂತೆ ಮೀಸೆಯುಳ್ಳ ಮೀನುಗಳು ತಳದಲ್ಲಿ ಆಹಾರ ಹುಡುಕುತ್ತವೆ. ಬೆರಳುದ್ದದ ಮರಿ ಸಿಕ್ಕರೆ ಮರಳಿ ನೀರಿಗೆ ಬಿಡತಕ್ಕದ್ದು.

ತೊಗರಿ ಹೂ ಬಿಡುವುದೂ ಇದೇ ದಿನಗಳಲ್ಲಿ. ಕಾಯಿಕೊರಕಕ್ಕೆ ಔಷಧಿ ಹೊಡೆದವರು ಸಂಜೆ ಪಂಪನ್ನು ಹೊಳೆಯಲ್ಲಿಯೇ ತೊಳೆಯುವುದುಂಟು. "ಇಷ್ಟು ದೊಡ್ಡ ಹೊಳೆಗೆ ನಾಲ್ಕು ಹನಿ ಏನು ಮಾಡೀತು?" ಎನ್ನುವವರೂ ಉಂಟು. ಲೆಕ್ಕ ಹಾಕಿ ನೋಡಿರಿ. ಶೇಕಡಾ 10ರ ಸೈಪರ್‌ಮೆಥ್ರಿನ್‌ನ 1 ಮಿಲಿಲೀಟರಿನಲ್ಲಿ ಸುಮಾರು 100 ಮಿಲಿಗ್ರಾಂ ವಿಷವಿರುತ್ತದೆ. ಲೀಟರಿಗೆ ಕೆಲವೇ ಮೈಕ್ರೋಗ್ರಾಂ, ಅಂದರೆ ಮಿಲಿಗ್ರಾಮಿನ ಸಾವಿರದ ಕೆಲವೇ ಪಾಲು, ಮೀನಿಗೆ ಮಾರಕವಾಗಬಲ್ಲದು. ಲೀಟರಿಗೆ 5 ಮೈಕ್ರೋಗ್ರಾಂ ಎಂದು ಹಿಡಿದರೂ ಆ ಒಂದೇ ಮಿಲಿಲೀಟರು 20,000 ಲೀಟರ್ ನೀರನ್ನು ಕೆಡಿಸಲು ಸಾಕು. ತುಂಬಿದ ಹೊಳೆಯಲ್ಲಿ ವಿಷ ಚದುರಿ ತೆಳುವಾದೀತು. ನಿಂತ ಮಡುವಿನಲ್ಲಿ ಹಾಗಾಗದು. ಮೀನು ತಿನ್ನುವ ನೀರುಹುಳುಗಳೂ ಸಾಯುತ್ತವೆ. ಮೀನಿಗೆ ಘೋರ ವಿಷವಾಗಿದ್ದ ಎಂಡೋಸಲ್ಫಾನನ್ನು 2011ರಲ್ಲಿ ಸುಪ್ರೀಂ ಕೋರ್ಟು ನಿಷೇಧಿಸಿತು. ಹಾಗೆಂದು ಉಳಿದ ಔಷಧಿಗಳೆಲ್ಲ ನಿರಪಾಯವೆಂದು ತಿಳಿಯಕೂಡದು.

ಆದ್ದರಿಂದ ಈ ಕ್ರಮಗಳನ್ನು ಅನುಸರಿಸಿರಿ:

1. ಕೊಡದಲ್ಲಿ ನೀರು ಒಯ್ದು ಪಂಪನ್ನು ಹೊಲದಲ್ಲಿಯೇ ತೊಳೆಯಿರಿ. ತೊಳೆದ ನೀರನ್ನು ಅದೇ ಬೆಳೆಗೆ ಸಿಂಪಡಿಸಿರಿ. ಹಳ್ಳ, ಬಾವಿಗಳ ಬಳಿ ಚೆಲ್ಲಬೇಡಿರಿ.

2. ಖಾಲಿ ಡಬ್ಬಿಯನ್ನು ಮೂರು ಸಲ ಗಲಬರಿಸಿ, ಆ ನೀರನ್ನು ಪಂಪಿಗೇ ಸುರಿದು, ಡಬ್ಬಿಗೆ ತೂತು ಮಾಡಿರಿ. ಎರೆಹುಳು ತುಂಬಲು, ಮೀನು ಹಾಕಲು ಅದನ್ನು ಬಳಸಲೇಕೂಡದು.

3. ಗಾಳಿ ಹೊಳೆಯ ಕಡೆಗೆ ಬೀಸುವಾಗ, ಮಳೆಯ ಸೂಚನೆ ಇರುವಾಗ ಸಿಂಪರಣೆ ನಿಲ್ಲಿಸಿರಿ.

4. ಔಷಧಿ ಹೊಡೆದ ದಿನ ಸಾಬೂನಿನಿಂದ ಸ್ನಾನ ಮಾಡಿ, ಬಟ್ಟೆ ಬದಲಿಸಿದ ಮೇಲೆಯೇ ಗಾಳ ಮುಟ್ಟಿರಿ.

5. ಸತ್ತು ತೇಲುವ ಅಥವಾ ಮೇಲೆ ಬಂದು ಬಾಯಿ ಬಿಡುವ ಮೀನನ್ನು ತಿನ್ನಬೇಡಿರಿ. ಮೀನುಗಾರಿಕೆ ಇಲಾಖೆಗೆ ಕೂಡಲೇ ತಿಳಿಸಿರಿ.

ದನಕರುಗಳು ಕುಡಿಯುವುದೂ ಇದೇ ನೀರನ್ನು. ಹೊಳೆಗೆ ಇಳಿಯುವಾಗ ಕೈಯಲ್ಲಿ ಗಾಳವಿರಲಿ; ಬೆನ್ನ ಮೇಲೆ ಪಂಪು ಬೇಡ.